ಆಸ್ಪತ್ರೆಯ ವೈದ್ಯರ ಅರ್ಹತೆ ನೋಡುವವರು ಯಾರು? ಗಡಿನಾಡಿನ ರೋಗಿಗಳಿಗೆ ಮಾಹಿತಿ

ಮಂಜೇಶ್ವರ, ಕುಂಬಳೆಯವರು ಮಂಗಳೂರಿಗೆ, ಜತ್ತದವರು ಮೀರಜಿಗೂ ವಿಜಯಪುರಕ್ಕೂ, ಅಕ್ಕಲಕೋಟೆಯವರು ಸೊಲ್ಲಾಪುರಕ್ಕೂ ಕಲಬುರಗಿಗೂ, ರಾಯದುರ್ಗದವರು ಬಳ್ಳಾರಿಗೆ, ತಾಳವಾಡಿಯವರು ಚಾಮರಾಜನಗರಕ್ಕೆ ಚಿಕಿತ್ಸೆಗೆಂದು ಹೋಗುವುದು ಗಡಿನಾಡಿನಲ್ಲಿ ಹಿಂದಿನಿಂದಲೂ ಇದೆ. ಹತ್ತಿರದ ಆಸ್ಪತ್ರೆ ಯಾವುದು, ಗುರುತಿನವರು ಹೇಳಿದ ಆಸ್ಪತ್ರೆ ಯಾವುದು ಎಂದು ನೋಡುತ್ತಾರೆಯೇ ಹೊರತು ಅದು ಯಾವ ರಾಜ್ಯದ್ದು ಎಂದು ಯಾರೂ ನೋಡುವುದಿಲ್ಲ. ಆದರೆ ವೈದ್ಯರ ಹೆಸರು ದಾಖಲಾಗಿರುವ ಪರಿಷತ್ತು, ಆಸ್ಪತ್ರೆಗೆ ಪರವಾನಗಿ ಕೊಡುವ ಕಾನೂನು, ದೂರು ಕೇಳುವ ಅಧಿಕಾರಿ, ಇವೆಲ್ಲ ಗಡಿ ದಾಟಿದ ಕೂಡಲೇ ಬೇರೆಯಾಗುತ್ತವೆ.

ಗೋಡೆಗೆ ತೂಗುಹಾಕಿದ ಪದವಿ ಪತ್ರವನ್ನು ಕಂಡು ರೋಗಿಯ ಕಡೆಯವರು ಸಮಾಧಾನಪಡುತ್ತಾರೆ. ಆ ಪತ್ರ ನಿಜವೇ, ಆ ವೈದ್ಯರಿಗೆ ಈ ನಿರ್ದಿಷ್ಟ ಶಸ್ತ್ರಚಿಕಿತ್ಸೆ ಮಾಡುವ ತರಬೇತಿ ಇದೆಯೇ, ಅವರ ಕೆಲಸದ ಫಲಿತಾಂಶವನ್ನು ಯಾರಾದರೂ ನೋಡುತ್ತಿದ್ದಾರೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದುದು ಆಸ್ಪತ್ರೆ. ಅದರಲ್ಲೂ ಅಲ್ಲಿನ ವೈದ್ಯವೃಂದದ ಮುಖ್ಯಸ್ಥರು. ಈ ವ್ಯವಸ್ಥೆ ಹೇಗೆ ನಡೆಯುತ್ತದೆ, ಅದು ತಪ್ಪಿದಾಗ ಏನಾಗಿದೆ, ರೋಗಿಯ ಕಡೆಯವರು ಏನನ್ನು ಕೇಳಬಹುದು ಎಂಬ ವಿವರ ಇಲ್ಲಿದೆ.

ಮೂರು ಹಂತಗಳು

ಮೊದಲನೆಯದು ನೋಂದಣಿ. ಎಂಬಿಬಿಎಸ್ ಮುಗಿಸಿ ಒಂದು ವರ್ಷದ ಇಂಟರ್ನ್‌ಶಿಪ್ ಪೂರೈಸಿದವರು ರಾಜ್ಯ ವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ದಾಖಲಿಸಿ ನೋಂದಣಿ ಸಂಖ್ಯೆ ಪಡೆಯಬೇಕು. ಎಂಡಿ, ಎಂಎಸ್, ಡಿಎನ್‌ಬಿ, ಡಿಎಂ, ಎಂಸಿಎಚ್‌ನಂಥ ಹೆಚ್ಚಿನ ಅರ್ಹತೆಗಳನ್ನೂ ಅಲ್ಲಿಯೇ ಸೇರಿಸಿಕೊಳ್ಳಬೇಕು. ಇದು ಸರ್ಕಾರಿ ಕಾನೂನಿನ ಹಂತ.

ಎರಡನೆಯದು ಅರ್ಹತಾ ಪರಿಶೀಲನೆ. ಆಸ್ಪತ್ರೆಯ ಆಡಳಿತಗಾರರು ಇದನ್ನು ಕ್ರೆಡೆನ್ಷಿಯಲಿಂಗ್ ಎನ್ನುತ್ತಾರೆ. ಕೆಲಸಕ್ಕೆ ಬಂದ ವೈದ್ಯರು ಕೊಟ್ಟ ಜೆರಾಕ್ಸ್ ಪ್ರತಿಗಳನ್ನು ಫೈಲಿಗೆ ಹಾಕಿದರೆ ಈ ಹಂತ ಮುಗಿಯುವುದಿಲ್ಲ. ಪದವಿ ಕೊಟ್ಟ ವಿಶ್ವವಿದ್ಯಾಲಯ, ನೋಂದಣಿ ಕೊಟ್ಟ ಪರಿಷತ್ತು, ಹಿಂದೆ ಕೆಲಸ ಮಾಡಿದ ಆಸ್ಪತ್ರೆ, ಈ ಮೂಲಗಳಿಂದಲೇ ನೇರವಾಗಿ ದೃಢಪಡಿಸಿಕೊಳ್ಳಬೇಕು. ಹಿಂದೆ ಶಿಸ್ತುಕ್ರಮ ಆಗಿದೆಯೇ, ನಡುವೆ ಕೆಲವು ವರ್ಷ ಕೆಲಸ ಬಿಟ್ಟಿದ್ದರೆ ಕಾರಣವೇನು ಎಂದೂ ನೋಡಬೇಕು.

ಮೂರನೆಯದು ಪ್ರಿವಿಲೇಜಿಂಗ್, ಅಂದರೆ ಈ ವೈದ್ಯರು ಈ ಆಸ್ಪತ್ರೆಯಲ್ಲಿ ಯಾವ ಯಾವ ಚಿಕಿತ್ಸೆಯನ್ನು ಸ್ವತಂತ್ರವಾಗಿ ಮಾಡಬಹುದು ಎಂದು ಲಿಖಿತವಾಗಿ ಪಟ್ಟಿ ಮಾಡಿಕೊಡುವುದು. ಸರ್ಜನ್ ಒಬ್ಬರಿಗೆ ಹರ್ನಿಯಾ, ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಗೆ ಅನುಮತಿ ಇದ್ದು ಅನ್ನನಾಳದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಇಲ್ಲದಿರಬಹುದು. ಸರ್ಜನ್ ಸಮರ್ಥರೇ ಇದ್ದರೂ ಆಸ್ಪತ್ರೆಯಲ್ಲಿ ತೀವ್ರ ನಿಗಾ ಘಟಕ, ರಕ್ತನಿಧಿ, ಅರಿವಳಿಕೆ ತಜ್ಞರು ಇಲ್ಲದಿದ್ದರೆ ಆ ಕೆಲಸಕ್ಕೆ ಅಲ್ಲಿ ಅನುಮತಿ ಕೊಡುವಂತಿಲ್ಲ. ಈ ಪಟ್ಟಿಯನ್ನು ಆಗಾಗ ಪುನಃ ಪರಿಶೀಲಿಸಬೇಕು.

ಮೊದಲ ಹಂತ ಎಲ್ಲ ವೈದ್ಯರಿಗೂ ಕಡ್ಡಾಯ. ಉಳಿದ ಎರಡು ಹಂತಗಳು ಆಸ್ಪತ್ರೆಯ ಶಿಸ್ತನ್ನು ಅವಲಂಬಿಸಿವೆ. ತೊಂದರೆ ಹುಟ್ಟುವುದು ಹೆಚ್ಚಾಗಿ ಅಲ್ಲಿಯೇ.

ಒಂದು ಪುಟದ ನಿಯಮ

ಈ ಪದ್ಧತಿ ರೂಪುಗೊಂಡದ್ದು ಅಮೆರಿಕದಲ್ಲಿ. 20ನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಎಷ್ಟೋ ಆಸ್ಪತ್ರೆಗಳಲ್ಲಿ ಯಾರು ಬಂದು ಶಸ್ತ್ರಚಿಕಿತ್ಸೆ ಮಾಡಿ ಹೋದರು ಎಂಬುದಕ್ಕೆ ಸರಿಯಾದ ದಾಖಲೆಯೂ ಇರುತ್ತಿರಲಿಲ್ಲ. 1913ರಲ್ಲಿ ಸ್ಥಾಪನೆಯಾದ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಎಂಬ ಸಂಸ್ಥೆ 100 ಮತ್ತು ಅದಕ್ಕಿಂತ ಹೆಚ್ಚು ಹಾಸಿಗೆಗಳ 692 ಆಸ್ಪತ್ರೆಗಳನ್ನು ಪರಿಶೀಲಿಸಿತು. ಕನಿಷ್ಠ ಮಟ್ಟ ತಲುಪಿದ್ದು 89 ಮಾತ್ರ. ಹೆಸರಾಂತ ಆಸ್ಪತ್ರೆಗಳೂ ನಪಾಸಾಗಿದ್ದವು. 1919ರಲ್ಲಿ ಸಂಖ್ಯೆಯನ್ನಷ್ಟೇ ಪ್ರಕಟಿಸಿ, ಹೆಸರುಗಳ ಪಟ್ಟಿ ಪತ್ರಿಕೆಯವರ ಕೈಗೆ ಸಿಗದಂತೆ ನ್ಯೂಯಾರ್ಕಿನ ಹೋಟೆಲೊಂದರ ಒಲೆಯಲ್ಲಿ ಸುಟ್ಟುಹಾಕಲಾಯಿತು.

ಅದೇ ವರ್ಷ ಒಂದೇ ಪುಟದಲ್ಲಿ ಹಿಡಿಯುವ ಕನಿಷ್ಠ ನಿಯಮಾವಳಿ ಜಾರಿಗೆ ಬಂತು. ಆಸ್ಪತ್ರೆಯ ವೈದ್ಯರು ಒಂದು ಸಂಘಟಿತ ವೃಂದವಾಗಿರಬೇಕು. ಅರ್ಹತೆ, ಸಾಮರ್ಥ್ಯ ಹಾಗೂ ಒಳ್ಳೆಯ ನಡತೆ ಇದ್ದವರಿಗಷ್ಟೇ ಅದರಲ್ಲಿ ಸ್ಥಾನ. ರೋಗಿಯನ್ನು ಕಳುಹಿಸಿದ್ದಕ್ಕೆ ಶುಲ್ಕದಲ್ಲಿ ಪಾಲು ಹಂಚಿಕೊಳ್ಳಬಾರದು. ತಿಂಗಳಿಗೊಮ್ಮೆಯಾದರೂ ಸೇರಿ ಚಿಕಿತ್ಸೆಯ ಫಲಿತಾಂಶ ಚರ್ಚಿಸಬೇಕು. ಪ್ರತಿ ರೋಗಿಯ ದಾಖಲೆ ಇಡಬೇಕು. ಪ್ರಯೋಗಾಲಯ ಮತ್ತು ಎಕ್ಸ್‌ರೇ ಸೌಲಭ್ಯ ಇರಬೇಕು. ಮುಂದೆ ಬಂದ ಆಸ್ಪತ್ರೆ ಮಾನ್ಯತಾ ಪದ್ಧತಿಗಳಿಗೆಲ್ಲ ಈ ಒಂದು ಪುಟವೇ ತಳಹದಿ.

ಆಸ್ಪತ್ರೆಯೂ ಹೊಣೆ ಎಂದ ತೀರ್ಪು

ವೈದ್ಯರು ತಪ್ಪು ಮಾಡಿದರೆ ಅದು ಅವರ ಸ್ವಂತ ತಪ್ಪು, ಕಟ್ಟಡ ಮತ್ತು ಹಾಸಿಗೆ ಒದಗಿಸಿದ ಆಸ್ಪತ್ರೆಗೆ ಸಂಬಂಧವಿಲ್ಲ ಎಂಬ ವಾದ ಬಹುಕಾಲ ನಡೆಯಿತು. 1960ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 18 ವರ್ಷದ ವಿದ್ಯಾರ್ಥಿಯೊಬ್ಬ ಫುಟ್‌ಬಾಲ್ ಆಡುವಾಗ ಕಾಲು ಮುರಿದುಕೊಂಡ. ಆಸ್ಪತ್ರೆಯಲ್ಲಿ ತುರ್ತು ಕರ್ತವ್ಯದಲ್ಲಿದ್ದ ಸಾಮಾನ್ಯ ವೈದ್ಯರು ಪ್ಲಾಸ್ಟರ್ ಹಾಕಿದರು. ಬೆರಳುಗಳು ಊದಿಕೊಂಡು ಕಪ್ಪಾದವು, ಕ್ರಮೇಣ ಸ್ಪರ್ಶಜ್ಞಾನ ಹೋಯಿತು. ಮೂಳೆ ತಜ್ಞರನ್ನು ಯಾರೂ ಕರೆಸಲಿಲ್ಲ. ಕಡೆಗೆ ಮೊಣಕಾಲಿನ ಕೆಳಗೆ ಕಾಲನ್ನು ಕತ್ತರಿಸಬೇಕಾಯಿತು.

1965ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆಸ್ಪತ್ರೆಯೂ ಹೊಣೆ ಎಂಬ ತೀರ್ಪನ್ನು ಎತ್ತಿಹಿಡಿಯಿತು. ದಾದಿಯರು ಕಾಲಿನ ಸ್ಥಿತಿಯನ್ನು ನೋಡಿ ಮೇಲಿನವರಿಗೆ ತಿಳಿಸಬೇಕಿತ್ತು, ತಜ್ಞರ ಸಲಹೆ ಪಡೆಯುವಂತೆ ಆಸ್ಪತ್ರೆ ನೋಡಿಕೊಳ್ಳಬೇಕಿತ್ತು ಎಂಬ ವಾದಕ್ಕೆ ಆಸ್ಪತ್ರೆಯ ಸ್ವಂತ ನಿಯಮಾವಳಿಯೇ ಸಾಕ್ಷ್ಯವಾಯಿತು. ಡಾರ್ಲಿಂಗ್ ಪ್ರಕರಣ ಎಂದೇ ಇದು ಪ್ರಸಿದ್ಧ.

ಬಂಡಬರ್ಗ್: ಮೂರು ಹಂತವೂ ತಪ್ಪಿದ ಆಸ್ಪತ್ರೆ

ಅರ್ಹತಾ ಪರಿಶೀಲನೆ ಮತ್ತು ಮುಖ್ಯಸ್ಥರ ಮೇಲ್ವಿಚಾರಣೆ ಎರಡೂ ಒಟ್ಟಿಗೆ ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಬಂಡಬರ್ಗ್ ಆಸ್ಪತ್ರೆಯ ಪ್ರಕರಣ ದೊಡ್ಡ ಉದಾಹರಣೆ. ದೊಡ್ಡ ನಗರಗಳಿಂದ ದೂರದ ಈ ಊರಿಗೆ ಸರ್ಜನ್ ಸಿಗುವುದೇ ಕಷ್ಟವಾಗಿತ್ತು. ಗಡಿ ತಾಲೂಕುಗಳ ಓದುಗರಿಗೆ ಈ ಕಷ್ಟ ಅಪರಿಚಿತವಲ್ಲ.

ಗುಜರಾತಿನ ಜಾಮನಗರದಲ್ಲಿ ಓದಿ ಅಮೆರಿಕಕ್ಕೆ ಹೋಗಿದ್ದ ಡಾ. ಜಯಂತ್ ಪಟೇಲ್ 2003ರಲ್ಲಿ ಅಲ್ಲಿಗೆ ಬಂದರು. ಅದಕ್ಕೆ ಮೊದಲು, 2000ದಲ್ಲಿ, ಅಮೆರಿಕದ ಆರಿಗನ್ ರಾಜ್ಯದ ವೈದ್ಯಕೀಯ ಮಂಡಳಿ ಅವರು ಕೆಲವು ದೊಡ್ಡ ಶಸ್ತ್ರಚಿಕಿತ್ಸೆಗಳನ್ನು ಮಾಡದಂತೆ ನಿರ್ಬಂಧ ಹೇರಿತ್ತು. 2001ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಪರವಾನಗಿ ಬಿಟ್ಟುಕೊಟ್ಟಿದ್ದರು. ಕ್ವೀನ್ಸ್‌ಲ್ಯಾಂಡಿಗೆ ಸಲ್ಲಿಸಿದ ಅರ್ಜಿಯಲ್ಲಿ ಈ ವಿಷಯಗಳನ್ನು ಅವರು ತಿಳಿಸಲಿಲ್ಲ. ಆರಿಗನ್‌ನಿಂದ ಬಂದ ಪ್ರಮಾಣಪತ್ರದಲ್ಲಿ ಇವರ ಬಗ್ಗೆ ಆದೇಶವೊಂದಿದೆ, ಲಗತ್ತು ನೋಡಿ ಎಂದು ಬರೆದಿತ್ತು. ಲಗತ್ತು ಮಾತ್ರ ಇರಲಿಲ್ಲ. ಅದು ಎಲ್ಲಿ ಹೋಯಿತು ಎಂದು ನೋಂದಣಿ ಕಚೇರಿಯಲ್ಲಿ ಯಾರೂ ಕೇಳಲಿಲ್ಲ.

ಆಸ್ಪತ್ರೆಗೆ ಬಂದ ಕೂಡಲೇ ಅವರಿಗೆ ಶಸ್ತ್ರಚಿಕಿತ್ಸಾ ವಿಭಾಗದ ನಿರ್ದೇಶಕ ಹುದ್ದೆ ಸಿಕ್ಕಿತು. ಯಾವ ಶಸ್ತ್ರಚಿಕಿತ್ಸೆ ಮಾಡಬಹುದು ಎಂದು ತೀರ್ಮಾನಿಸಬೇಕಾದ ಸಮಿತಿಯ ಮುಂದೆ ಅವರ ಹೆಸರು ಹೋಗಲೇ ಇಲ್ಲ. ಆಸ್ಪತ್ರೆಯ ಸೌಲಭ್ಯಕ್ಕೆ ಮೀರಿದ ಶಸ್ತ್ರಚಿಕಿತ್ಸೆಗಳು ನಡೆದವು. ತೀವ್ರ ನಿಗಾ ಘಟಕದ ಮುಖ್ಯ ದಾದಿ ಟೋನಿ ಹಾಫ್‌ಮನ್ 2003ರಿಂದಲೇ ಮೇಲಿನವರಿಗೆ ಆತಂಕ ಹೇಳಿಕೊಂಡರು, 2004ರಲ್ಲಿ ಲಿಖಿತ ದೂರು ಕೊಟ್ಟರು. ಆಡಳಿತ ಅಲುಗಾಡಲಿಲ್ಲ. ಕಡೆಗೆ ಅವರು ಸ್ಥಳೀಯ ಶಾಸಕರ ಬಳಿ ಹೋದರು. 2005ರ ಮಾರ್ಚ್‌ನಲ್ಲಿ ವಿಷಯ ಸಂಸತ್ತಿನಲ್ಲಿ ಪ್ರಸ್ತಾಪವಾಯಿತು. ಪತ್ರಕರ್ತರೊಬ್ಬರು ವೈದ್ಯರ ಹೆಸರನ್ನು ಗೂಗಲ್‌ನಲ್ಲಿ ಹುಡುಕಿದಾಗ ಅಮೆರಿಕದ ಶಿಸ್ತುಕ್ರಮದ ವಿವರ ಸಿಕ್ಕಿತು. ನೇಮಕಾತಿ ಮಾಡಿದವರು ಎರಡು ವರ್ಷ ಮಾಡದ ಕೆಲಸ ಅದು.

ಪ್ರಕರಣದ ಮುಂದಿನ ಭಾಗವನ್ನೂ ಹೇಳಬೇಕು. 2010ರಲ್ಲಿ ನರಹತ್ಯೆಯ ಅಪರಾಧಕ್ಕಾಗಿ ವಿಧಿಸಿದ 7 ವರ್ಷದ ಶಿಕ್ಷೆಯನ್ನು 2012ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್ ರದ್ದುಪಡಿಸಿತು. 2013ರ ಮರುವಿಚಾರಣೆಯಲ್ಲಿ ಒಂದು ಸಾವಿನ ಆರೋಪದಿಂದ ಅವರು ಬಿಡುಗಡೆಯಾದರು. ನೋಂದಣಿ ಮತ್ತು ಕೆಲಸ ಪಡೆಯಲು ವಂಚಿಸಿದ್ದನ್ನು ಒಪ್ಪಿಕೊಂಡ ಬಳಿಕ ಅಮಾನತಿನ ಶಿಕ್ಷೆಯಾಗಿ, ಉಳಿದ ಆರೋಪಗಳನ್ನು ಕೈಬಿಡಲಾಯಿತು. ರೋಗಿಗೆ ಹಾನಿಯಾದ ಮೇಲೆ ಕೋರ್ಟಿನಲ್ಲಿ ಅದನ್ನು ಅಪರಾಧವೆಂದು ಸಾಬೀತುಪಡಿಸುವುದು ಎಷ್ಟು ಕಷ್ಟವೆಂದು ಇದರಿಂದ ತಿಳಿಯುತ್ತದೆ. ಬಾಗಿಲಲ್ಲೇ ನಡೆಯಬೇಕಾದ ಪರಿಶೀಲನೆಗೆ ಅಷ್ಟು ಬೆಲೆ ಇರುವುದು ಇದಕ್ಕೇ.

ನಮ್ಮ ದೇಶದ ಕಾನೂನು

ಭಾರತೀಯ ವೈದ್ಯಕೀಯ ಪರಿಷತ್ತು 1934ರಲ್ಲಿ ಸ್ಥಾಪನೆಯಾಯಿತು. ಅದರ ಜಾಗದಲ್ಲಿ 2019ರ ಕಾಯ್ದೆಯಂತೆ ರಾಷ್ಟ್ರೀಯ ವೈದ್ಯಕೀಯ ಆಯೋಗ 2020ರ ಸೆಪ್ಟೆಂಬರ್ 25ರಂದು ಕೆಲಸ ಆರಂಭಿಸಿತು. ನೋಂದಣಿ ಇಲ್ಲದೆ ವೈದ್ಯವೃತ್ತಿ ನಡೆಸಿದವರಿಗೆ ಈ ಕಾಯ್ದೆಯ 34ನೇ ಕಲಮಿನ ಪ್ರಕಾರ ಒಂದು ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ವೈದ್ಯರ ನಡವಳಿಕೆಗೆ ಈಗಲೂ 2002ರ ನಿಯಮಾವಳಿಯೇ ಆಧಾರ. 2023ರಲ್ಲಿ ಹೊಸ ನಿಯಮಾವಳಿ ಬಂದರೂ ಅದೇ ತಿಂಗಳು ಅದನ್ನು ತಡೆಹಿಡಿಯಲಾಯಿತು.

ಆಯುರ್ವೇದ, ಯುನಾನಿ, ಸಿದ್ಧ ಪದ್ಧತಿಗಳಿಗೆ ಹಾಗೂ ಹೋಮಿಯೋಪಥಿಗೆ ಬೇರೆ ಬೇರೆ ಆಯೋಗಗಳಿವೆ. ದಾದಿಯರಿಗೆ ನರ್ಸಿಂಗ್ ಪರಿಷತ್ತುಗಳಿವೆ. ಒಂದು ಪದ್ಧತಿಯಲ್ಲಿ ನೋಂದಣಿ ಇದ್ದ ಮಾತ್ರಕ್ಕೆ ಇನ್ನೊಂದರಲ್ಲಿ ಚಿಕಿತ್ಸೆ ಕೊಡುವಂತಿಲ್ಲ. ಹೋಮಿಯೋಪಥಿ ವೈದ್ಯರೊಬ್ಬರು ಅಲೋಪಥಿ ಔಷಧಿ ಕೊಟ್ಟ ಬಳಿಕ ರೋಗಿ ತೀರಿಕೊಂಡ ಪೂನಂ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಇದನ್ನು ನಿರ್ಲಕ್ಷ್ಯವೆಂದು ಪರಿಗಣಿಸಿ 3 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಆದರೆ ಆಯಾ ರಾಜ್ಯದ ಕಾನೂನು ಒಪ್ಪಿದ್ದರೆ ಬೇರೆ ಪದ್ಧತಿಯವರೂ ಅಲೋಪಥಿ ಔಷಧಿ ಬರೆಯಬಹುದು ಎಂದು 1998ರ ಮುಖ್ತಿಯಾರ್ ಚಂದ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿದೆ. ಆದ್ದರಿಂದ ಗಡಿಯ ಈಚೆ ಸಲ್ಲುವುದು ಆಚೆಗೆ ಸಲ್ಲದಿರಬಹುದು.

ಆಸ್ಪತ್ರೆಯ ಹೊಣೆಯ ಬಗ್ಗೆ ನಮ್ಮ ಸುಪ್ರೀಂ ಕೋರ್ಟಿನ ನಿಲುವೂ ಸ್ಪಷ್ಟವಾಗಿದೆ. ಜ್ವರಕ್ಕೆಂದು ದಾಖಲಾಗಿದ್ದ ಮಗುವಿಗೆ ದಾದಿಯೊಬ್ಬರು ಕೊಟ್ಟ ಚುಚ್ಚುಮದ್ದಿನಿಂದ ಮೆದುಳಿಗೆ ಶಾಶ್ವತ ಹಾನಿಯಾದ ಪ್ರಕರಣದಲ್ಲಿ, 1998ರಲ್ಲಿ, ಮಗುವಿಗೆ ಹನ್ನೆರಡೂವರೆ ಲಕ್ಷ ಹಾಗೂ ತಂದೆತಾಯಿಗೆ 5 ಲಕ್ಷ ರೂಪಾಯಿ ಕೊಡಬೇಕೆಂಬ ರಾಷ್ಟ್ರೀಯ ಗ್ರಾಹಕ ಆಯೋಗದ ಆದೇಶವನ್ನು ಅದು ಎತ್ತಿಹಿಡಿಯಿತು. ಸಿಬ್ಬಂದಿ ಮಾಡಿದ ತಪ್ಪಿಗೆ ಅವರನ್ನು ನೇಮಿಸಿದ ಆಸ್ಪತ್ರೆ ಉತ್ತರ ಕೊಡಬೇಕಾಯಿತು.

ಇನ್ನು ಅರ್ಹತಾ ಪರಿಶೀಲನೆ ಮತ್ತು ಪ್ರಿವಿಲೇಜಿಂಗ್. ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾದ ಅಂಗವಾದ ಎನ್‌ಎಬಿಎಚ್ ಮಾನ್ಯತೆ ಬಯಸುವ ಆಸ್ಪತ್ರೆ ವೈದ್ಯರಿಗೂ ದಾದಿಯರಿಗೂ ಇವೆರಡನ್ನೂ ಲಿಖಿತವಾಗಿ ನಡೆಸಬೇಕು. ಆದರೆ ಈ ಮಾನ್ಯತೆ ಪಡೆಯುವುದು ಆಸ್ಪತ್ರೆಯ ಇಚ್ಛೆಗೆ ಬಿಟ್ಟದ್ದು. ತಾಲೂಕು ಕೇಂದ್ರದ ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಇದು ಇರಲೇಬೇಕೆಂದಿಲ್ಲ. ಅಂಥ ಕಡೆ ಸರ್ಜನ್ ಮತ್ತು ಅರಿವಳಿಕೆ ತಜ್ಞರು ಹೊರಗಿನಿಂದ ಬಂದು ಕೆಲಸ ಮುಗಿಸಿ ಹೋಗುವುದುಂಟು. ರಾತ್ರಿ ರೋಗಿಯನ್ನು ನೋಡಿಕೊಳ್ಳುವವರು ಬೇರೆಯವರು. ಅವರ ಅರ್ಹತೆಯೂ ಅಷ್ಟೇ ಮುಖ್ಯ.

ಮುಖ್ಯಸ್ಥರು ಯಾರು, ಅವರ ಕೆಲಸವೇನು?

ವೈದ್ಯವೃಂದದ ಮುಖ್ಯಸ್ಥರೆಂದರೆ ರಜೆ ಅರ್ಜಿಗೆ ಸಹಿ ಹಾಕುವವರಷ್ಟೇ ಅಲ್ಲ. ಯಾವ ಪಾಳಿಯಲ್ಲಿ ಯಾರು, ತುರ್ತು ಕರೆಗೆ ಯಾವ ತಜ್ಞರು ಎಂಬ ಪಟ್ಟಿ ಮಾಡುವುದು, ಪ್ರತಿ ಸಾವನ್ನೂ ಸಭೆಯಲ್ಲಿ ಪರಿಶೀಲಿಸುವುದು, ಒಬ್ಬರ ಕೈಯಲ್ಲಿ ತೊಂದರೆಗಳು ಮರುಕಳಿಸುತ್ತಿದ್ದರೆ ಆ ಶಸ್ತ್ರಚಿಕಿತ್ಸೆ ನಿಲ್ಲಿಸುವುದು, ದಾದಿಯರ ಮಾತಿಗೆ ಕಿವಿಗೊಡುವುದು, ಆಗದ ಪ್ರಕರಣವನ್ನು ಹೊತ್ತು ಮೀರುವ ಮೊದಲು ದೊಡ್ಡಾಸ್ಪತ್ರೆಗೆ ಕಳುಹಿಸುವುದು, ಇವೆಲ್ಲ ಅವರ ಹೊಣೆ. ಬಂಡಬರ್ಗ್‌ನಲ್ಲಿ ತಪ್ಪಿದ್ದು ಇವುಗಳಲ್ಲಿ ಬಹುಪಾಲು.

ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಹುದ್ದೆಯ ಹೆಸರು ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಕರ್ನಾಟಕ: ಜಿಲ್ಲಾಸ್ಪತ್ರೆಗೆ ಜಿಲ್ಲಾ ಶಸ್ತ್ರಚಿಕಿತ್ಸಕರು, ತಾಲೂಕು ಆಸ್ಪತ್ರೆಗೆ ಆಡಳಿತ ವೈದ್ಯಾಧಿಕಾರಿ. ಜಿಲ್ಲೆಯ ಆರೋಗ್ಯ ಇಲಾಖೆಗೆ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿ.

ಕೇರಳ: ಆಸ್ಪತ್ರೆಗೆ ಸೂಪರಿಂಟೆಂಡೆಂಟ್, ಜಿಲ್ಲೆಗೆ ಡಿಎಂಒ ಎಂದು ಕರೆಯುವ ಜಿಲ್ಲಾ ವೈದ್ಯಾಧಿಕಾರಿ.

ಮಹಾರಾಷ್ಟ್ರ: ಜಿಲ್ಲಾ ರುಗ್ಣಾಲಯಕ್ಕೆ ಸಿವಿಲ್ ಸರ್ಜನ್, ಮರಾಠಿ ಫಲಕದಲ್ಲಿ ಜಿಲ್ಹಾ ಶಲ್ಯಚಿಕಿತ್ಸಕ. ಗ್ರಾಮೀಣ ರುಗ್ಣಾಲಯಕ್ಕೆ ವೈದ್ಯಕೀಯ ಅಧೀಕ್ಷಕರು. ಸೊಲ್ಲಾಪುರದಂಥ ಕಡೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಡೀನ್, ಅಂದರೆ ಅಧಿಷ್ಠಾತಾ.

ತಮಿಳುನಾಡು: ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳ ಮೇಲೆ ಆರೋಗ್ಯ ಸೇವೆಗಳ ಜಂಟಿ ನಿರ್ದೇಶಕರು, ತಮಿಳಿನಲ್ಲಿ ಇಣೈ ಇಯಕ್ಕುನರ್. ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಡೀನ್.

ಆಂಧ್ರಪ್ರದೇಶ: ಏರಿಯಾ ಆಸ್ಪತ್ರೆ, ಜಿಲ್ಲಾ ಆಸ್ಪತ್ರೆಗಳಿಗೆ ಸೂಪರಿಂಟೆಂಡೆಂಟ್. ಜಿಲ್ಲೆಗೆ ಡಿಎಂಎಚ್‌ಒ ಎಂದು ಕರೆಯುವ ಜಿಲ್ಲಾ ವೈದ್ಯ ಮತ್ತು ಆರೋಗ್ಯಾಧಿಕಾರಿ.

ರೋಗಿಯ ಕಡೆಯವರು ಏನು ಮಾಡಬಹುದು?

1. ಚೀಟಿಯಲ್ಲಿ ನೋಂದಣಿ ಸಂಖ್ಯೆ ಇದೆಯೇ ನೋಡಿ. 2002ರ ನಿಯಮಾವಳಿಯಂತೆ ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ಚಿಕಿತ್ಸಾಲಯದಲ್ಲಿ ಪ್ರದರ್ಶಿಸಬೇಕು. ಔಷಧಿ ಚೀಟಿ, ಪ್ರಮಾಣಪತ್ರ, ಹಣದ ರಸೀದಿಗಳಲ್ಲಿಯೂ ಬರೆಯಬೇಕು. ಮರಾಠಿ ಫಲಕದಲ್ಲಿಯೂ ನೋಂದಣಿ ಎಂದೇ ಇರುತ್ತದೆ, ತಮಿಳಿನಲ್ಲಿ ಪದಿವು ಎಣ್. ಮಲಯಾಳ, ತೆಲುಗಿನಲ್ಲಿ ರಿಜಿಸ್ಟ್ರೇಷನ್ ಎಂಬ ಪದವೇ ಬಳಕೆಯಲ್ಲಿದೆ.

2. ಆ ಸಂಖ್ಯೆಯನ್ನು ತಾಳೆ ನೋಡಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ವೈದ್ಯರ ಹೆಸರು, ಸಂಖ್ಯೆ, ರಾಜ್ಯ ಪರಿಷತ್ತು ಇವುಗಳಿಂದ ಹುಡುಕಬಹುದು. ಪಟ್ಟಿಯಲ್ಲಿ ಬೇರೆ ರಾಜ್ಯದ ಪರಿಷತ್ತಿನ ಹೆಸರು ಕಂಡರೆ ಗಾಬರಿ ಬೇಡ. ಮಂಗಳೂರಿನಲ್ಲಿ ಓದಿ ಕಾಸರಗೋಡಿನಲ್ಲಿ ಕೆಲಸ ಮಾಡುವ ವೈದ್ಯರ ಮೂಲ ನೋಂದಣಿ ಕರ್ನಾಟಕದ್ದಾಗಿರುವುದು ಸಹಜ. ಕೇರಳದಲ್ಲಿ ವೃತ್ತಿ ನಡೆಸುವವರು ಅಲ್ಲಿನ ಪರಿಷತ್ತಿನಲ್ಲಿಯೂ ಹೆಸರು ದಾಖಲಿಸಬೇಕು. ಹುಡುಕಿದಾಗ ಹೆಸರು ಸಿಗದಿದ್ದರೆ ಕೂಡಲೇ ನಕಲಿ ಎಂದು ತೀರ್ಮಾನಿಸದೆ ರಾಜ್ಯ ಪರಿಷತ್ತಿನ ಕಚೇರಿಯಲ್ಲಿ ವಿಚಾರಿಸಿ.

3. ಶಸ್ತ್ರಚಿಕಿತ್ಸೆಗೆ ಮೊದಲು ಕೇಳಿ. ಶಸ್ತ್ರಚಿಕಿತ್ಸೆ ಮಾಡುವವರು ಯಾರು, ಅರಿವಳಿಕೆ ಕೊಡುವವರು ಯಾರು, ರಾತ್ರಿ ವಾರ್ಡಿನಲ್ಲಿ ಯಾರಿರುತ್ತಾರೆ, ಅವರ ಪದವಿ ಏನು, ಇಂಥ ಶಸ್ತ್ರಚಿಕಿತ್ಸೆ ಈ ಆಸ್ಪತ್ರೆಯಲ್ಲಿ ಆಗಾಗ ನಡೆಯುತ್ತದೆಯೇ? ಚಿಕಿತ್ಸೆ ಕೊಡುವವರ ಗುರುತು ಮತ್ತು ಅರ್ಹತೆ ತಿಳಿಯುವುದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಸೇರಿದೆ. ಮರ್ಯಾದೆಯಿಂದ ಕೇಳಿದರೆ ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ. ಒಪ್ಪಿಗೆ ಪತ್ರ ತಿಳಿಯದ ಭಾಷೆಯಲ್ಲಿದ್ದರೆ ಓದಿಸಿ ಅರ್ಥ ತಿಳಿದುಕೊಂಡ ಮೇಲೆಯೇ ಸಹಿ ಹಾಕಿ.

4. ದಾಖಲೆ ಕೇಳಿ ಪಡೆಯಿರಿ. ರೋಗಿ ಅಥವಾ ಅಧಿಕೃತ ಪ್ರತಿನಿಧಿ ಕೇಳಿದ 72 ಗಂಟೆಯೊಳಗೆ ಚಿಕಿತ್ಸಾ ದಾಖಲೆ ಕೊಡಬೇಕು ಎಂದು 2002ರ ನಿಯಮಾವಳಿ ಹೇಳುತ್ತದೆ. ಒಳರೋಗಿಗಳ ದಾಖಲೆಯನ್ನು 3 ವರ್ಷ ಕಾಪಾಡಬೇಕು. ಕೋರಿಕೆಯನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯುವುದು ಒಳ್ಳೆಯದು.

5. ದೂರಿದ್ದರೆ ಮೊದಲು ಮುಖ್ಯಸ್ಥರಿಗೆ. ವೈದ್ಯಕೀಯ ಅಧೀಕ್ಷಕರಿಗೆ ದಿನಾಂಕ ಸಹಿತ ಬರೆದುಕೊಡಿ. ವೈದ್ಯರ ನಡವಳಿಕೆ, ಅರ್ಹತೆಯ ಬಗ್ಗೆ ದೂರನ್ನು ಅವರು ನೋಂದಣಿಯಾದ ರಾಜ್ಯದ ವೈದ್ಯಕೀಯ ಪರಿಷತ್ತಿಗೆ ಸಲ್ಲಿಸಬೇಕು. ಜತ್ತದ ರೋಗಿಗೆ ವಿಜಯಪುರದಲ್ಲಿ ತೊಂದರೆಯಾದರೆ ಸಾಮಾನ್ಯವಾಗಿ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತು, ಮೀರಜಿನಲ್ಲಾದರೆ ಮುಂಬಯಿಯ ಮಹಾರಾಷ್ಟ್ರ ವೈದ್ಯಕೀಯ ಪರಿಷತ್ತು.

6. ಪರಿಹಾರದ ದಾವೆ ಮನೆಯ ಹತ್ತಿರವೇ. ಗಡಿನಾಡಿನವರು ಮುಖ್ಯವಾಗಿ ನೆನಪಿಡಬೇಕಾದ ಅಂಶವಿದು. ಮೊದಲು ಗ್ರಾಹಕ ದೂರನ್ನು ಆಸ್ಪತ್ರೆ ಇರುವ ಅಥವಾ ಚಿಕಿತ್ಸೆ ನಡೆದ ಜಿಲ್ಲೆಯಲ್ಲೇ ಹೂಡಬೇಕಿತ್ತು. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೂ ದೂರು ಕೊಡಬಹುದು. ಮಂಗಳೂರಿನ ಆಸ್ಪತ್ರೆಯ ಮೇಲಿನ ದೂರನ್ನು ಕಾಸರಗೋಡಿನಲ್ಲಿ, ಕಲಬುರಗಿಯ ಆಸ್ಪತ್ರೆಯ ಮೇಲಿನದನ್ನು ಸೊಲ್ಲಾಪುರದಲ್ಲಿ ಹೂಡಲು ಅಡ್ಡಿಯಿಲ್ಲ. ಅವಧಿ 2 ವರ್ಷ. ಎಲ್ಲ ರೋಗಿಗಳಿಗೂ ಉಚಿತ ಚಿಕಿತ್ಸೆ ಕೊಡುವ ಆಸ್ಪತ್ರೆಗಳು 1995ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಇದರ ವ್ಯಾಪ್ತಿಗೆ ಬರುವುದಿಲ್ಲ. ಕೆಲವರಿಂದ ಶುಲ್ಕ ಪಡೆದು ಕೆಲವರಿಗೆ ಉಚಿತವಾಗಿ ಕೊಡುವ ಆಸ್ಪತ್ರೆಗಳು ಬರುತ್ತವೆ.

ಈ ಎಲ್ಲಕ್ಕೂ ಕಾಗದಪತ್ರವೇ ಆಧಾರ. ಔಷಧಿ ಚೀಟಿ, ರಸೀದಿ, ಬಿಡುಗಡೆ ಪತ್ರ, ಪರೀಕ್ಷಾ ವರದಿಗಳನ್ನು ದಿನಾಂಕದ ಕ್ರಮದಲ್ಲಿ ಒಂದೇ ಕಡೆ ಜೋಡಿಸಿಟ್ಟುಕೊಂಡರೆ ಆಚೆ ರಾಜ್ಯದ ವೈದ್ಯರಿಗೆ ಮುಂದಿನ ಚಿಕಿತ್ಸೆ ಸುಲಭವಾಗುತ್ತದೆ, ದೂರು ಕೊಡುವ ಸಂದರ್ಭ ಬಂದರೆ ಅದಕ್ಕೂ ಒದಗುತ್ತದೆ.